ಪಿಯುಸಿ ಆದ ಮೇಲೆ ಬಿವಿಎ: ಕಲಾ ಕಾಲೇಜು ಸೇರಲು ತಯಾರಿ ಹೇಗೆ?

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. "ನನಗೆ ಚಿತ್ರ ಬಿಡಿಸೋದು ಇಷ್ಟ, ಆರ್ಟ್ ಕಾಲೇಜು ಸೇರಬೇಕು. ಏನು ಮಾಡಬೇಕು?" ಮಗಳಿಗಾಗಿ, ಮಗನಿಗಾಗಿ ಕೇಳುವ ಅಪ್ಪ ಅಮ್ಮಂದಿರೂ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಲಾ ಕಾಲೇಜಿನ ಮೇಷ್ಟ್ರು ನಿಮ್ಮ ಕೈ ಎಷ್ಟು ಪಳಗಿದೆ ಎಂದು ನೋಡುತ್ತಾರೆ, ನಿಜ. ಆದರೆ ನೀವು ಎದುರಿಗಿರುವುದನ್ನು ಎಷ್ಟು ಗಮನವಿಟ್ಟು ನೋಡುತ್ತೀರಿ ಎಂಬುದನ್ನು ಅದಕ್ಕಿಂತ ಜಾಸ್ತಿ ಹುಡುಕುತ್ತಾರೆ. ಕೈಯನ್ನು ನಾಲ್ಕು ವರ್ಷದಲ್ಲಿ ಅವರು ತಿದ್ದಬಲ್ಲರು. ನೋಡುವ ಅಭ್ಯಾಸವನ್ನು ನೀವೇ ತರಬೇಕು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಹಂತ 1: ಯಾವ ಕೋರ್ಸ್ ಬೇಕು ಎಂದು ಖಚಿತ ಮಾಡಿಕೊಳ್ಳಿ

ಬಿವಿಎ ಎಂದರೆ ದೃಶ್ಯಕಲೆಯ ಪದವಿ. ಕೆಲವು ವಿಶ್ವವಿದ್ಯಾಲಯಗಳು ಇದನ್ನೇ ಬಿಎಫ್ಎ ಎನ್ನುತ್ತವೆ. ಹೆಸರು ಬೇರೆಯಾದರೂ ಎರಡೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯವಾಗಿ ನಾಲ್ಕು ವರ್ಷದ ಓದು. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದ್ದರೂ ಅರ್ಜಿ ಹಾಕಬಹುದು. ಕೆಲವು ಕಲಾಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಡಿಪ್ಲೊಮಾ ಅಥವಾ ಫೌಂಡೇಷನ್ ಕೋರ್ಸ್ ಕೂಡ ಇದೆ.

ಮೊದಲ ವರ್ಷ ಎಲ್ಲರಿಗೂ ಫೌಂಡೇಷನ್, ಅಂದರೆ ಬುನಾದಿ. ಆ ಮೇಲೆ ಒಂದು ವಿಭಾಗ ಆರಿಸಿಕೊಳ್ಳುತ್ತೀರಿ:

- ಪೇಂಟಿಂಗ್, ಅಂದರೆ ವರ್ಣಚಿತ್ರ.
- ಶಿಲ್ಪಕಲೆ. ಜೇಡಿಮಣ್ಣು, ಪ್ಲಾಸ್ಟರ್, ಮರ, ಕಲ್ಲು, ಲೋಹದ ಎರಕ.
- ಗ್ರಾಫಿಕ್ ಅಥವಾ ಪ್ರಿಂಟ್‌ಮೇಕಿಂಗ್. ಮರ, ಲೋಹದ ತಗಡು, ಕಲ್ಲಿನ ಮೇಲೆ ಚಿತ್ರ ಮಾಡಿ ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ಕಂಪ್ಯೂಟರಿನ ಗ್ರಾಫಿಕ್ಸ್ ಅಲ್ಲ. ಈ ಹೆಸರು ನೋಡಿ ಮೋಸಹೋಗುವವರು ತುಂಬಾ ಜನ.
- ಅನ್ವಯಿಕ ಕಲೆ. ಜಾಹೀರಾತು, ಲೋಗೊ, ಅಕ್ಷರ ವಿನ್ಯಾಸ, ಪುಸ್ತಕದ ಚಿತ್ರಗಳು.
- ಕಲಾ ಇತಿಹಾಸ. ಇದು ಎಲ್ಲ ಕಡೆ ಇಲ್ಲ.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ಬಿ.ಡಿಸೈನ್ ಬೇರೆ, ಬಿವಿಎ ಬೇರೆ. ಎನ್‌ಐಡಿಯಂಥ ಸಂಸ್ಥೆಗಳಿಗೆ ಅವುಗಳದ್ದೇ ಡಿಸೈನ್ ಪ್ರವೇಶ ಪರೀಕ್ಷೆ ಇದೆ. ನಾಟಾ ಎಂಬ ಪರೀಕ್ಷೆ ಆರ್ಕಿಟೆಕ್ಚರ್‌ಗೆ. ಬಿವಿಎಗೆ ಇವು ಬೇಕಿಲ್ಲ, ಕೆಸಿಇಟಿ ರ‍್ಯಾಂಕೂ ಬೇಕಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕಾಲೇಜು ಅಥವಾ ವಿಶ್ವವಿದ್ಯಾಲಯವೇ ಅಭಿರುಚಿ ಪರೀಕ್ಷೆ ನಡೆಸಿ ಸೀಟು ಕೊಡುತ್ತದೆ. ಅಭಿರುಚಿ ಪರೀಕ್ಷೆ ಎಂದರೆ ಕೂರಿಸಿ ಚಿತ್ರ ಬಿಡಿಸಲು ಹೇಳಿ, ಆ ಕಲೆಗೆ ನೀವು ತಕ್ಕವರೇ ಎಂದು ನೋಡುವುದು.

ಹಂತ 2: ಕಾಲೇಜಿಗೆ ಹೋಗಿ ನೋಡಿ ಬನ್ನಿ

ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ, ಅದರದ್ದೇ ಕಲಾ ಕಾಲೇಜಿದೆ. ಕಲಾವಿದ ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆಯೂ ಬೆಂಗಳೂರಿನಲ್ಲೇ ಇದೆ. ಮೈಸೂರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಬೇರು ಅರಸರ ಕಾಲದ ತಾಂತ್ರಿಕ ಶಾಲೆಯಲ್ಲಿದೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಲ್ಲಿ ಆರಂಭವಾಯಿತು, ಈಗ ದಾವಣಗೆರೆ ವಿಶ್ವವಿದ್ಯಾಲಯದ ಭಾಗ. ಧಾರವಾಡ, ಹುಬ್ಬಳ್ಳಿ, ಗದಗ, ಕಲಬುರಗಿ, ಮಂಗಳೂರು, ಉಡುಪಿಯಲ್ಲೂ ಕಲಾಶಾಲೆಗಳಿವೆ. ಬೆಂಗಳೂರಿಗೇ ಹೋಗಬೇಕು ಎಂದೇನೂ ಇಲ್ಲ. ಉತ್ತರ ಕರ್ನಾಟಕದ ಶಾಲೆಗಳು ಎಷ್ಟೋ ಒಳ್ಳೆಯ ಕಲಾವಿದರನ್ನು ಕೊಟ್ಟಿವೆ. ಮನೆಗೆ ಹತ್ತಿರ ಇದ್ದರೆ ಖರ್ಚೂ ಕಡಿಮೆ.

ಹೊರರಾಜ್ಯಕ್ಕೆ ಹೋಗುವ ಮನಸ್ಸಿದ್ದರೆ ಬರೋಡದ ಲಲಿತಕಲಾ ವಿಭಾಗ, ಶಾಂತಿನಿಕೇತನದ ಕಲಾಭವನ, ಮುಂಬೈನ ಜೆ.ಜೆ. ಕಲಾಶಾಲೆ, ಚೆನ್ನೈನ ಸರ್ಕಾರಿ ಕಲಾ ಕಾಲೇಜು ಹಳೆಯ, ಹೆಸರಾದ ಜಾಗಗಳು. ಕೆಲವು ಕೇಂದ್ರೀಯ ವಿಶ್ವವಿದ್ಯಾಲಯಗಳು ಸಿಯುಇಟಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಕೇಳುತ್ತವೆ. ಅದರ ಅರ್ಜಿಯ ಗಡುವು ಪಿಯುಸಿ ಪರೀಕ್ಷೆಗೂ ಮೊದಲೇ ಮುಗಿದುಹೋಗಬಹುದು. ಹಾಗಾಗಿ ಎರಡನೇ ಪಿಯುಸಿ ಅರ್ಧ ಆಗುವಷ್ಟರಲ್ಲಿ ವಿಚಾರಿಸಿ.

ಒಂದು ದಿನ ಬಿಡುವು ಮಾಡಿಕೊಂಡು ಕಾಲೇಜಿಗೆ ಹೋಗಿ. ವೆಬ್‌ಸೈಟಿನ ಫೋಟೊ ನೋಡಿ ತೀರ್ಮಾನ ಮಾಡಬೇಡಿ. ಸ್ಟುಡಿಯೊಗಳಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದಾರಾ? ಶಿಲ್ಪದ ಶೆಡ್ಡಿನಲ್ಲಿ ಮಣ್ಣು ಹಸಿಯಾಗಿದೆಯಾ, ಒಣಗಿ ಧೂಳು ಹಿಡಿದಿದೆಯಾ? ಅಚ್ಚಿನ ಯಂತ್ರ ಓಡುವ ಸ್ಥಿತಿಯಲ್ಲಿದೆಯಾ? ಮಾಡೆಲ್ ಕೂರಿಸಿ ಚಿತ್ರ ಬರೆಸುತ್ತಾರಾ? ಸಂಜೆ ಎಷ್ಟು ಹೊತ್ತಿನವರೆಗೆ ಒಳಗೆ ಬಿಡುತ್ತಾರೆ? ಥಿಯರಿ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದಾ? ಮೂರನೇ, ನಾಲ್ಕನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ಎಚ್ಚರಿಕೆ: ಆ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಆ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಿ. ದುಬಾರಿ ಶುಲ್ಕ ಕಟ್ಟಿಸಿಕೊಂಡು ಕೊನೆಗೆ ಬರೀ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿವೆ. ಅಲ್ಲಿ ಕಲಿಕೆ ಚೆನ್ನಾಗಿರಬಹುದು. ಆದರೆ ಮುಂದೆ ಎಂವಿಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿಗೆ ಸೇರಲು, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಪದವಿಯೇ ಬೇಕು.

ಹಂತ 3: ಸಾಮಾನು ಕೊಳ್ಳಿ, ಆದರೆ ಕಡಿಮೆ

ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್. ಬಿ ಮುಂದಿನ ಸಂಖ್ಯೆ ಹೆಚ್ಚಾದಷ್ಟೂ ಸೀಸ ಮೆದು, ಗೆರೆ ಕಪ್ಪು. ಒಂದು ಪೊಟ್ಟಣ ಇದ್ದಿಲು ಕಡ್ಡಿ. ಕಾರ್ಟ್ರಿಜ್ ಹಾಳೆ. ಒಂದು ಡ್ರಾಯಿಂಗ್ ಬೋರ್ಡ್, ನಾಲ್ಕು ಕ್ಲಿಪ್. ಪೋಸ್ಟರ್ ಕಲರ್ ಒಂದು ಸೆಟ್, ಎರಡು ದುಂಡು ಬ್ರಷ್, ಒಂದು ಚಪ್ಪಟೆ ಬ್ರಷ್. ಜೇಬಿನಲ್ಲೋ ಬ್ಯಾಗಿನಲ್ಲೋ ಹಿಡಿಯುವ ಸ್ಕೆಚ್ ಪುಸ್ತಕ. ಇಷ್ಟು ಸಾಕು.

ಪೆನ್ಸಿಲನ್ನು ಶಾರ್ಪ್‌ನರ್ ಬದಲು ಬ್ಲೇಡಿನಲ್ಲಿ ಉದ್ದಕ್ಕೆ ಚೂಪು ಮಾಡಿ. ಸೀಸ ಉದ್ದವಾಗಿ ಹೊರಗೆ ಇದ್ದರೆ ಅಡ್ಡ ಹಿಡಿದು ಅಗಲವಾದ ಗೆರೆ ಹಾಕಬಹುದು. ಹಾಳೆಯಲ್ಲಿ ಮಾತ್ರ ಜಿಪುಣತನ ಬೇಡ. ಅಭ್ಯಾಸಕ್ಕೆ ಪತ್ರಿಕೆ ಮುದ್ರಿಸುವ ಬಗೆಯ ಖಾಲಿ ಕಾಗದ, ಹಳೆಯ ಕಂಪ್ಯೂಟರ್ ಹಾಳೆಯ ಹಿಂಬದಿ ಎಲ್ಲವೂ ಆಗುತ್ತದೆ. ಫೋನಿನಲ್ಲಿ, ಟ್ಯಾಬಿನಲ್ಲಿ ಬಿಡಿಸುವವರು ಪ್ರವೇಶ ಮುಗಿಯುವವರೆಗೆ ಅದನ್ನು ಪಕ್ಕಕ್ಕಿಡಿ. ಪರೀಕ್ಷೆಯಲ್ಲಿ ಕಾಗದವೇ ಇರುವುದು, ಅಲ್ಲಿ ಹಿಂದಕ್ಕೆ ಹೋಗುವ ಬಟನ್ ಇಲ್ಲ.

ಹಂತ 4: ದಿನಾ ಎದುರಿಗಿಟ್ಟುಕೊಂಡು ಬಿಡಿಸಿ

ಇದೇ ಮುಖ್ಯ ಹಂತ. ಕನಿಷ್ಠ ಆರು ತಿಂಗಳು ಕೊಡಿ. ದಿನಕ್ಕೆ ಒಂದು ಗಂಟೆ ಸಾಕು, ಆದರೆ ತಪ್ಪಿಸಬೇಡಿ.

ನಿಯಮ ಒಂದೇ: ಫೋಟೊ ನೋಡಿ ಬಿಡಿಸಬೇಡಿ. ಫೋಟೊದಲ್ಲಿ ಕ್ಯಾಮೆರಾ ಆಗಲೇ ನಿಮ್ಮ ಪರವಾಗಿ ನೋಡಿಬಿಟ್ಟಿರುತ್ತದೆ. ಮೂರು ಆಯಾಮದ ವಸ್ತು ಅಲ್ಲಿ ಚಪ್ಪಟೆ ಆಗಿರುತ್ತದೆ. ನೀವು ಅದನ್ನು ನಕಲು ಮಾಡುತ್ತೀರಿ ಅಷ್ಟೆ. ಪರೀಕ್ಷಾ ಕೊಠಡಿಯಲ್ಲಿ ಮಡಕೆ, ಬಟ್ಟೆ, ಹಣ್ಣು ಇಟ್ಟು ಬಿಡಿಸಿ ಎಂದಾಗ ನಟನಟಿಯರ ಮುಖವನ್ನು ಕೂದಲು ಕೂದಲಾಗಿ ಬಿಡಿಸಿ ಬಂದ ಮಕ್ಕಳು ಕಂಗಾಲಾಗುವುದು ಇದರಿಂದಲೇ.

ಅಡುಗೆಮನೆಯಿಂದ ಶುರು ಮಾಡಿ. ಒಂದು ಬಿಂದಿಗೆ, ಎರಡು ಈರುಳ್ಳಿ, ಮಡಚಿದ ಟವೆಲ್. ಕಿಟಕಿಯ ಪಕ್ಕ ಇಡಿ. ಬೆಳಕು ಒಂದೇ ಕಡೆಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಇದನ್ನು ಸ್ಟಿಲ್ ಲೈಫ್ ಅಥವಾ ವಸ್ತುಚಿತ್ರ ಎನ್ನುತ್ತಾರೆ. ಬಿಡಿಸುವಾಗ ಈ ಕೆಲವನ್ನು ಗಮನಿಸಿ.

ಅಳತೆ. ಒಂದು ಕಣ್ಣು ಮುಚ್ಚಿ, ಕೈ ಪೂರ್ತಿ ಚಾಚಿ, ಪೆನ್ಸಿಲನ್ನು ನೇರ ಹಿಡಿಯಿರಿ. ಬಿಂದಿಗೆಯ ಅಗಲವನ್ನು ಹೆಬ್ಬೆರಳಿನಿಂದ ಗುರುತು ಮಾಡಿ, ಎತ್ತರಕ್ಕೆ ಹೋಲಿಸಿ. ಮೊಣಕೈ ಮಡಚಿದರೆ ಅಳತೆ ಕೆಡುತ್ತದೆ. ಮೊದಲ ಹತ್ತು ನಿಮಿಷ ಬರೀ ಅಳತೆ ಮತ್ತು ಹಗುರವಾದ ಗೆರೆಗಳಿಗೆ ಇರಲಿ.

ಬಾಯಿ ಮತ್ತು ಬುಡ. ಬಿಂದಿಗೆಯ ಬಾಯಿ ನಿಮ್ಮ ಕಣ್ಣಿನ ಮಟ್ಟದಲ್ಲಿದ್ದರೆ ಒಂದು ಗೆರೆಯಂತೆ ಕಾಣುತ್ತದೆ. ಕೆಳಗೆ ಇಳಿದಂತೆ ಅದು ಅಗಲವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಬುಡದ ಸುತ್ತು ಬಾಯಿಗಿಂತ ಜಾಸ್ತಿ ಬಾಗಿರಬೇಕು. ಹೊಸಬರು ಬಾಯನ್ನು ದುಂಡಗೆ ಬಿಡಿಸಿ ಬುಡಕ್ಕೆ ನೇರ ಗೆರೆ ಎಳೆಯುತ್ತಾರೆ. ಮೇಷ್ಟ್ರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ನಡುವಿನ ಖಾಲಿ ಜಾಗ. ಚಹಾ ಕಪ್ಪಿನ ಹಿಡಿ ಬಿಡಿಸುವುದು ಕಷ್ಟ ಎನಿಸಿದರೆ, ಹಿಡಿಯ ಒಳಗೆ ಕಾಣುವ ಖಾಲಿ ಆಕಾರವನ್ನು ಬಿಡಿಸಿ. ಹಿಡಿ ತಾನಾಗೇ ಬರುತ್ತದೆ. ಎರಡು ವಸ್ತುಗಳ ನಡುವಿನ ಸಂದಿಯನ್ನೂ ಹೀಗೇ ನೋಡಿ. ಇದಕ್ಕೆ ನೆಗೆಟಿವ್ ಸ್ಪೇಸ್ ಎನ್ನುತ್ತಾರೆ.

ನೆರಳು ಬೆಳಕು. ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ಪುಟ್ಟ ವಿವರ ಹೋಗಿ ದೊಡ್ಡ ನೆರಳಿನ ಆಕಾರ ಉಳಿಯುತ್ತದೆ. ಮೊದಲು ಅದನ್ನು ತುಂಬಿ. ಆ ಮೇಲೆ ನೋಡಿ: ನೆರಳಿನ ತೀರಾ ಕಪ್ಪು ಭಾಗ ಅಂಚಿನಲ್ಲಿರುವುದಿಲ್ಲ, ಸ್ವಲ್ಪ ಒಳಗಿರುತ್ತದೆ. ಅಂಚಿನಲ್ಲಿ ನೆಲದಿಂದ ವಾಪಸ್ ಬಂದ ಮಂದ ಬೆಳಕು ಇರುತ್ತದೆ. ಅದನ್ನು ಹಿಡಿದರೆ ಬಿಂದಿಗೆ ದುಂಡಗಾಗುತ್ತದೆ. ಬೆರಳಿನಿಂದ ಉಜ್ಜಿ ನುಣ್ಣಗೆ ಮಾಡಬೇಡಿ. ಚಿತ್ರ ಮಸಿ ಮೆತ್ತಿದಂತೆ ಆಗುತ್ತದೆ, ಗೆರೆಯ ಜೀವ ಹೋಗುತ್ತದೆ.

ವಸ್ತುಗಳು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಮನುಷ್ಯರಿಗೆ ಬನ್ನಿ. ಟಿವಿ ನೋಡುತ್ತಾ ಕೂತ ಅಜ್ಜಿ, ಅಕ್ಕಿ ಆರಿಸುವ ಅಮ್ಮ, ಮಲಗಿದ ತಮ್ಮ. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟಿರುತ್ತದೆ, ಚಿಕ್ಕ ಮಕ್ಕಳದ್ದು ನಾಲ್ಕೈದು ತಲೆ. ಮುಖದಲ್ಲಿ ಕಣ್ಣು ತಲೆಯ ಸರಿಯಾಗಿ ನಡುವೆ ಬರುತ್ತದೆ. ತುಂಬಾ ಜನ ಕಣ್ಣನ್ನು ಮೇಲಕ್ಕೆ ಹಾಕಿ ಹಣೆಯನ್ನು ಕಿರಿದು ಮಾಡುತ್ತಾರೆ. ಕೈ ಕಾಲುಗಳನ್ನು ಜೇಬಿನಲ್ಲೋ ಹುಲ್ಲಿನಲ್ಲೋ ಬಚ್ಚಿಡಬೇಡಿ. ನಿಮ್ಮ ಎಡಗೈ ಯಾವಾಗಲೂ ಜೊತೆಗೇ ಇದೆ, ಅದನ್ನೇ ಬಿಡಿಸಿ.

ಹೊರಗೂ ಹೋಗಿ. ಬಸ್ ಸ್ಟ್ಯಾಂಡ್, ಸಂತೆ, ದೇವಸ್ಥಾನದ ಕಟ್ಟೆ. ಅಲ್ಲಿ ಯಾರೂ ನಿಮಗಾಗಿ ನಿಲ್ಲುವುದಿಲ್ಲ. ಒಂದೆರಡು ನಿಮಿಷದಲ್ಲಿ ಬೆನ್ನಿನ ಬಾಗು, ಮೂಟೆಯ ಭಾರ, ನಿಂತ ಕಾಲಿನ ಮೇಲೆ ಬಿದ್ದ ತೂಕ ಇಷ್ಟನ್ನೇ ಹಿಡಿಯಿರಿ. ಮುಖದ ವಿವರ ಬೇಡ. ಮೊದಲು ಬರುವುದು ಬರೀ ಗೀಚು ಎನಿಸುತ್ತದೆ. ಬಿಡಬೇಡಿ. ಸ್ಕೆಚ್ ಪುಸ್ತಕ ತುಂಬಿದಂತೆ ಆ ಗೆರೆಗಳಲ್ಲಿ ಜನ ಕಾಣತೊಡಗುತ್ತಾರೆ.

ಹಂತ 5: ಸಂಯೋಜನೆ ಮತ್ತು ಬಣ್ಣ

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ವಿಷಯ ಕೊಟ್ಟು ಬಣ್ಣದಲ್ಲಿ ಚಿತ್ರ ಮಾಡಿಸುತ್ತಾರೆ. ಜಾತ್ರೆ, ಸಂತೆ, ರೈಲು ನಿಲ್ದಾಣ, ಮಳೆಗಾಲ ಇಂಥವು. ಇದನ್ನು ಸಂಯೋಜನೆ ಅಥವಾ ಕಾಂಪೊಸಿಷನ್ ಎನ್ನುತ್ತಾರೆ, ಅಂದರೆ ಹಾಳೆಯ ಜಾಗದಲ್ಲಿ ಯಾವುದನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಇಡುತ್ತೀರಿ ಎಂಬುದು.

ವಿಷಯ ಸಿಕ್ಕ ಕೂಡಲೇ ದೊಡ್ಡ ಹಾಳೆಗೆ ಕೈ ಹಾಕಬೇಡಿ. ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟು ನಾಲ್ಕು ಹಾಕಿ, ನಾಲ್ಕು ಬೇರೆ ಬೇರೆ ರೀತಿ ಯೋಚಿಸಿ. ಸಂತೆ ಎಂದರೆ ಎಲ್ಲರೂ ದೂರದಿಂದ ಸಾಲು ಅಂಗಡಿ ಬಿಡಿಸುತ್ತಾರೆ. ನೀವು ತರಕಾರಿ ಬುಟ್ಟಿಯ ಹಿಂದೆ ಕೂತವಳ ಕಡೆಯಿಂದ ನೋಡಿ. ಎದುರಿಗೆ ಗಿರಾಕಿಗಳ ಕಾಲು, ಚೀಲ, ತಕ್ಕಡಿ ದೊಡ್ಡದಾಗಿ ಬರುತ್ತವೆ. ಜನರನ್ನು ಗ್ರೂಪ್ ಫೋಟೊದಂತೆ ಬಿಡಿ ಬಿಡಿಯಾಗಿ ನಿಲ್ಲಿಸಬೇಡಿ. ಒಬ್ಬರ ಹಿಂದೆ ಒಬ್ಬರು ಅರ್ಧ ಮರೆಯಾಗಲಿ. ಬೆಟ್ಟ, ಸೂರ್ಯ, ಗುಡಿಸಲು, ತೆಂಗಿನ ಮರ ಇರುವ ಆ ಶಾಲೆಯ ಚಿತ್ರವನ್ನು ಇನ್ನು ಮರೆತುಬಿಡಿ.

ಬಣ್ಣದಲ್ಲಿ ಮೂರು ಮಾತು. ಪೋಸ್ಟರ್ ಕಲರ್ ದಪ್ಪ, ಗಾಢ ಬಣ್ಣದ ಮೇಲೆ ತಿಳಿ ಬಣ್ಣ ಹಾಕಬಹುದು. ಜಲವರ್ಣ ಹಾಗಲ್ಲ. ಅಲ್ಲಿ ಹಾಳೆಯ ಬಿಳುಪೇ ನಿಮ್ಮ ಬಿಳಿ, ತಿಳಿಯಿಂದ ಗಾಢಕ್ಕೆ ಹೋಗಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಾಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರ ಜಲವರ್ಣದ್ದು, ಅವಕಾಶ ಸಿಕ್ಕರೆ ಅದರ ಎದುರು ಸ್ವಲ್ಪ ಹೊತ್ತು ನಿಲ್ಲಿ. ಎರಡನೆಯದು, ನೆರಳಿಗೆ ಕಪ್ಪು ಬೆರೆಸಬೇಡಿ, ನೀಲಿ ಅಥವಾ ಕಂದು ಬೆರೆಸಿ ನೋಡಿ. ಮೂರನೆಯದು, ಕೊನೆಯಲ್ಲಿ ಎಲ್ಲದರ ಸುತ್ತ ಕಪ್ಪು ಸ್ಕೆಚ್ ಪೆನ್ನಿನ ಗೆರೆ ಎಳೆಯಬೇಡಿ.

ಹಂತ 6: ಪೋರ್ಟ್‌ಫೋಲಿಯೊ ಜೋಡಿಸಿ

ಪೋರ್ಟ್‌ಫೋಲಿಯೊ ಎಂದರೆ ಸಂದರ್ಶನಕ್ಕೆ ಒಯ್ಯುವ ನಿಮ್ಮ ಕೆಲಸಗಳ ಕಟ್ಟು. ಎಷ್ಟು ಚಿತ್ರ ಬೇಕೆಂದು ಕಾಲೇಜು ಹೇಳಿದ್ದರೆ ಅಷ್ಟೇ ಇಡಿ. ಹೇಳದಿದ್ದರೆ ಹದಿನೈದರಿಂದ ಇಪ್ಪತ್ತು ಸಾಕು. ವಸ್ತುಚಿತ್ರ, ಮನುಷ್ಯರ ರೇಖಾಚಿತ್ರ, ಹೊರಗೆ ಕೂತು ಬಿಡಿಸಿದ ಜಾಗಗಳು, ಮೂರ್ನಾಲ್ಕು ಬಣ್ಣದ ಸಂಯೋಜನೆ. ಇವುಗಳ ಜೊತೆ ತುಂಬಿದ ಸ್ಕೆಚ್ ಪುಸ್ತಕಗಳನ್ನು ಹಾಗೇ ಒಯ್ಯಿರಿ, ಎಣ್ಣೆ ಕಲೆ ಆಗಿದ್ದರೂ ಸರಿ. ಅನೇಕ ಮೇಷ್ಟ್ರು ದೊಡ್ಡ ಚಿತ್ರಗಳನ್ನು ಬೇಗ ತಿರುಗಿಸಿ ಸ್ಕೆಚ್ ಪುಸ್ತಕದ ಹತ್ತಿರ ನಿಲ್ಲುತ್ತಾರೆ. ನೀವು ದಿನಾ ನೋಡಿದ್ದೀರಾ ಇಲ್ಲವಾ ಅದರಲ್ಲಿ ತಿಳಿಯುತ್ತದೆ.

ಹಳ್ಳಿಯಿಂದ ಬರುವ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಗಣಪತಿ ಮೂರ್ತಿ ಮಾಡುತ್ತೀರಾ? ಅಜ್ಜಿ ಹಸೆ ಚಿತ್ತಾರ ಬರೆಯುತ್ತಾರಾ, ನೀವು ಕೈ ಜೋಡಿಸಿದ್ದೀರಾ? ಕಸೂತಿ, ಕೌದಿ, ಯಕ್ಷಗಾನದ ಕಿರೀಟ, ಮರದ ಕೆತ್ತನೆ, ಗೋಡೆ ಬರಹ ಗೊತ್ತಾ? ಅವುಗಳ ಫೋಟೊ ತೆಗೆದು ಸೇರಿಸಿ. ನಾಚಿಕೆಪಟ್ಟು ಮುಚ್ಚಿಟ್ಟು, ಅದರ ಬದಲು ಇಂಟರ್‌ನೆಟ್ಟಿನ ಚಿತ್ರ ನಕಲು ಮಾಡಿ ತರುವವರನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿ ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ ಓದಿದ ಕಲಾವಿದೆ ಶೀಲಾ ಗೌಡ ಸಗಣಿ, ಕುಂಕುಮ, ದಾರ ಬಳಸಿ ಮಾಡಿದ ಕೃತಿಗಳನ್ನು ಜಗತ್ತು ನೋಡಿದೆ. ನಿಮ್ಮ ಅಂಗಳದ ವಸ್ತುವೂ ಕಲೆಗೆ ಬರುತ್ತದೆ.

ಯಾವುದಾದರೂ ಚಿತ್ರವನ್ನು ನೋಡಿ ನಕಲು ಮಾಡಿದ್ದರೆ ಅದರ ಹಿಂದೆ ಹಾಗೆಂದು ಬರೆದಿಡಿ. ಬೇರೆಯವರು ತಿದ್ದಿಕೊಟ್ಟ ಚಿತ್ರ ಇಡಲೇಬೇಡಿ. ಎಲ್ಲದರ ಫೋಟೊವನ್ನು ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ತೆಗೆದು ಒಂದು ಪಿಡಿಎಫ್ ಕೂಡ ಮಾಡಿಕೊಳ್ಳಿ. ಹಾಳೆಗಳನ್ನು ಸುತ್ತಿ ತರಬೇಡಿ, ಮೇಜಿನ ಮೇಲೆ ಬಿಚ್ಚಿದಾಗ ಮತ್ತೆ ಸುರುಳಿ ಆಗುತ್ತವೆ. ಎರಡು ರಟ್ಟಿನ ನಡುವೆ ಇಟ್ಟು ತನ್ನಿ.

ಹಂತ 7: ಅರ್ಜಿ ಮತ್ತು ಕಾಗದಪತ್ರ

ಅಂಕಪಟ್ಟಿ, ಟಿಸಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಫೋಟೊಗಳು. ಜಾತಿ, ಆದಾಯದ ಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಅವೇ ಬೇಕು. ಶಾಲೆಯಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾಗಿದ್ದರೆ ಅದರ ಪ್ರಮಾಣಪತ್ರವನ್ನೂ ಇಡಿ.

ಹಂತ 8: ಪರೀಕ್ಷೆ ಮತ್ತು ಸಂದರ್ಶನ

ಬೋರ್ಡು, ಬಣ್ಣ, ನೀರಿನ ಡಬ್ಬಿ, ಬಟ್ಟೆ ತುಂಡು ನೀವೇ ತರಬೇಕಾಗಬಹುದು. ಹಿಂದಿನ ದಿನವೇ ಜೋಡಿಸಿ. ಕೊಠಡಿಯಲ್ಲಿ ಕೂರುವ ಜಾಗದ ಆಯ್ಕೆ ಇದ್ದರೆ ವಸ್ತುಗಳ ಮೇಲೆ ನೆರಳು ಬೆಳಕು ಎರಡೂ ಕಾಣುವ ಕಡೆ ಕೂರಿ. ಚಿತ್ರವನ್ನು ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಮಾಡಬೇಡಿ. ಹೆದರಿದಾಗ ಕೈ ತಾನಾಗೇ ಚಿಕ್ಕದು ಮಾಡುತ್ತದೆ. ಆಗಾಗ ಎದ್ದು ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ತಪ್ಪು ದೂರದಿಂದಲೇ ಕಾಣುವುದು. ಪಕ್ಕದವರ ಹಾಳೆ ನೋಡಿ ಕಂಗೆಡಬೇಡಿ.

ಸಂದರ್ಶನದಲ್ಲಿ "ಯಾವ ಕಲಾವಿದರು ಇಷ್ಟ?" ಎಂದು ಕೇಳುತ್ತಾರೆ. ಪಿಕಾಸೊ, ರವಿವರ್ಮ ಎಂದು ಎಲ್ಲರೂ ಹೇಳುತ್ತಾರೆ. ನೀವು ನಿಜವಾಗಿ ನೋಡಿದ ಒಂದು ಕೃತಿಯ ಬಗ್ಗೆ ಹೇಳಿ. ಅದಕ್ಕಾಗಿ ಮೊದಲೇ ಒಂದೆರಡು ಕಡೆ ಹೋಗಿರಬೇಕು. ಬೆಂಗಳೂರಿನ ಅರಮನೆ ರಸ್ತೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ವರ್ಷದ ಆರಂಭದಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕಲಾವಿದರ ಜೊತೆ ನೇರವಾಗಿ ಮಾತಾಡಬಹುದು. ದೂರದವರಿಗೆ ಬಾದಾಮಿಯ ಗುಹೆಗಳು, ಹಂಪಿ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಒಳಛಾವಣಿಯ ಚಿತ್ರಗಳು, ಹಳೇಬೀಡು ಇವೆ. ಏನು ನೋಡಿದಿರಿ, ಯಾವುದು ಹಿಡಿಸಿತು ಎಂದು ನಿಮ್ಮ ಮಾತಿನಲ್ಲಿ, ನಿಮ್ಮ ಕನ್ನಡದಲ್ಲಿ ಹೇಳಿ. ಇಂಗ್ಲಿಷ್ ಬರಲ್ಲ ಎಂದು ಹಿಂಜರಿಯಬೇಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ.

ಹಂತ 9: ಸೀಟು ಸಿಕ್ಕ ಮೇಲೆ

ಶುಲ್ಕ ಮಾತ್ರ ಲೆಕ್ಕ ಹಾಕಬೇಡಿ. ನಾಲ್ಕು ವರ್ಷವೂ ಕ್ಯಾನ್ವಾಸ್, ಬಣ್ಣ, ಹಾಳೆ, ಸ್ಟಡಿ ಟೂರ್ ಎಂದು ಖರ್ಚು ಇರುತ್ತದೆ. ಸೀನಿಯರ್‌ಗಳ ಹತ್ತಿರ ಹಳೆಯ ಬೋರ್ಡು, ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ಕಡಿಮೆ ಬೆಲೆಗೆ ಸಿಗುತ್ತವೆ. ಸಗಟು ಅಂಗಡಿಯಿಂದ ನಾಲ್ಕೈದು ಜನ ಸೇರಿ ಹಾಳೆ ತಂದರೆ ಅಗ್ಗ.

ಫೌಂಡೇಷನ್ ವರ್ಷದಲ್ಲಿ ಒಂದೇ ವಿಭಾಗಕ್ಕೆ ಮನಸ್ಸು ಕಟ್ಟಿಕೊಳ್ಳಬೇಡಿ. ಪೇಂಟಿಂಗ್ ಎಂದೇ ಬಂದವರು ಮಣ್ಣು ಮುಟ್ಟಿದ ಮೇಲೆ ಶಿಲ್ಪಕ್ಕೆ ಹೋಗುತ್ತಾರೆ. ಅಚ್ಚಿನ ಕೋಣೆಯ ಶಾಯಿ ವಾಸನೆ ಹಿಡಿಸಿ ಅಲ್ಲೇ ಉಳಿದವರೂ ಇದ್ದಾರೆ. ಕಲಾ ಇತಿಹಾಸದ ತರಗತಿ ತಪ್ಪಿಸಬೇಡಿ, ಬ್ಯಾಕ್ ಉಳಿಯುವುದು ಹೆಚ್ಚಾಗಿ ಅದರಲ್ಲೇ.

ಕೊನೆಗೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ: ಓದಿ ಏನು ಮಾಡುತ್ತಾರೆ? ಅನ್ವಯಿಕ ಕಲೆ ಓದಿದವರಿಗೆ ಜಾಹೀರಾತು, ಪತ್ರಿಕೆ, ಪ್ರಕಾಶನ, ಅನಿಮೇಷನ್ ಕಡೆ ಸಂಬಳದ ಕೆಲಸ ಬೇಗ ಸಿಗುತ್ತದೆ. ಸಿನಿಮಾದ ಕಲಾ ವಿಭಾಗ, ರಂಗಸಜ್ಜಿಕೆ, ಮ್ಯೂಸಿಯಂ, ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆ ಇವೆ. ಎಂವಿಎ ಮಾಡಿ ದೃಶ್ಯಕಲೆಯಲ್ಲಿ ನೆಟ್, ಅಂದರೆ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡಬಹುದು. 18ರಿಂದ 25 ವಯಸ್ಸಿನ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವಿದ್ಯಾರ್ಥಿವೇತನವೂ ಇದೆ. ಬರೀ ಚಿತ್ರ ಮಾರಿ ಬದುಕುವುದಕ್ಕೆ ಮಾತ್ರ ಹಲವು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಇನ್ನೊಂದು ಆದಾಯ ಬೇಕು ಎಂಬುದನ್ನು ಮನೆಯಲ್ಲಿ ಈಗಲೇ ಕೂತು ಮಾತಾಡಿಕೊಳ್ಳಿ.